ಅಮ್ಮನ ಅವಿಧವಾ ನವಮಿ

ಅಪ್ಪಯ್ಯಾ,

ಇವತ್ತು ಮಾಟುಂಗದಲ್ಲಿ ಅಮ್ಮನಿಗೆ ಅವಿಧವಾ ನವಮಿಯ ಶ್ರಾದ್ಧ ಮಾಡಿದೆ. ಗಂಡ ಇರುವಾಗಲೇ ತೀರಿಕೊಂಡ ಹೆಂಗಸರಿಗೆ ಮಾತ್ರ ಮಾಡುವುದಲ್ಲವೇ ಅದು? ನನ್ನ ಬಿಳಿ ತಲೆ ನೋಡಿ ಭಟ್ಟರು, "ತಂದೆಯವರು ಇದ್ದಾರಾ ಮಾರಾಯ್ರೆ?" ಎಂದರು.

"ಮಹಾಯುದ್ಧಕ್ಕೆ ಮಿಲಿಟರಿ ಅಡುಗೆಯವರಾಗಿ ಬರ್ಮಾಕ್ಕೆ ಹೋದವರು, ಇನ್ನೂ ಬಂದಿಲ್ಲ," ಎಂದೆ.

ನಾನು ಹೊಟ್ಟೆಯಲ್ಲಿದ್ದಾಗ ಹೊರಟವರು ನೀವು. ಸತ್ತ ಸುದ್ದಿ ಬಂದಿಲ್ಲವೆಂದು ಅಮ್ಮ ಕೊನೆಯವರೆಗೂ ಕುಂಕುಮ ಅಳಿಸಲಿಲ್ಲ. ಯಾರು ಏನೇ ಅಂದರೂ, "ಅವರು ಬರಲಿಕ್ಕಿದ್ದಾರೆ" ಅನ್ನುತ್ತಿದ್ದಳು. ನೂರರ ಹೊಸ್ತಿಲಲ್ಲಿ ಮುತ್ತೈದೆಯಾಗಿಯೇ ಹೋದಳು.

ಕಾಯುವ ಕೆಲಸ ಈಗ ನನ್ನದು. ಪಾರ್ಲೆಯ ಮನೆಗೆ ಮರಳುವಾಗ ಲೋಕಲ್ ರೈಲಿಗೆ ನನಗಿಂತ ಮುದುಕರೊಬ್ಬರು ಹತ್ತಿದರು. ಎದ್ದು ಸೀಟು ಬಿಟ್ಟುಕೊಟ್ಟೆ. ಆಮೇಲೆ ತಡೆಯಲಾಗಲಿಲ್ಲ, ಊರು ಯಾವುದೆಂದು ಕೇಳಿಯೇಬಿಟ್ಟೆ.