ಹೊಳೆದಂಡೆಯ ಗಂಡು ಬಳ್ಳಿ

ಮೈನ್‌ಬುರ್ಗ್ ಹತ್ತಿರದ ನಮ್ಮ ಮನೆ,
ಜುಲೈ ೯, ೧೯೫೪

ಪ್ರೀತಿಯ ಕೊರ್ಬಿನಿಯಾನ್,

ಕೆಮ್ಮು ಹೇಗಿದೆ? ಬೆಟ್ಟದ ಆಸ್ಪತ್ರೆಯ ಗಾಳಿ ಎದೆಗೆ ಹಿಡಿಸಿತೇ? ಕೊಟ್ಟ ಹಾಲನ್ನು ಮುಖ ಸಿಂಡರಿಸದೆ ಕುಡಿ. ಇಲ್ಲಿ ನಾನೂ ಹೆಣ್ಣುಮಕ್ಕಳಿಬ್ಬರೂ ಗಟ್ಟಿಯಾಗಿದ್ದೇವೆ. ತೋಟದ ಹಾಪ್ಸ್ ಬಳ್ಳಿ ತಂತಿಯ ತುದಿ ಮುಟ್ಟಿದೆ. ವಸಂತದಲ್ಲಿ ಬುಡಕ್ಕೆ ಮೂರೇ ಕುಡಿ ಉಳಿಸಿ, ಸೂರ್ಯ ಸುತ್ತುವ ದಿಕ್ಕಿಗೇ ತಂತಿಗೆ ಹತ್ತಿಸಿದವರು ನಾವೇ ಮೂವರು. ಕಿತ್ತ ಕುಡಿಗಳನ್ನು ಬೆಣ್ಣೆಯಲ್ಲಿ ಬಾಡಿಸಿ ತಿಂದೆವು. ನಿನ್ನ ಪಾಲನ್ನೂ ನಾನೇ ಮುಗಿಸಿದೆ.

ಇನ್ನು ನಿನ್ನ ಅಣ್ಣನ ಸುದ್ದಿ. ಸಿಕ್ಸ್ಟಸ್ ಭಾವ ಪ್ರತಿ ಭಾನುವಾರ ಚರ್ಚಿನಿಂದ ನೇರ ನಮ್ಮ ತೋಟಕ್ಕೆ ಬಂದು, ಅದನ್ನು ತಮಗೆ ಬಿಟ್ಟುಕೊಡು ಎಂದು ಒಂದೇ ರಾಗ ಹಾಡುತ್ತಾರೆ. ಕಳೆದ ವಾರ ಹೊಳೆದಂಡೆಯ ಅಲ್ಡರ್ ಮರಕ್ಕೆ ಕಾಡು ಹಾಪ್ಸ್ ಬಳ್ಳಿ ಹಬ್ಬಿದ್ದು ಮೊದಲು ಅವರ ಕಣ್ಣಿಗೇ ಬಿತ್ತು. ಗಂಡು ಬಳ್ಳಿ! ಮೊಗ್ಗು ಇನ್ನೆರಡು ದಿನದಲ್ಲಿ ಬಿರಿಯುವಂತಿತ್ತು. ತಪ್ಪು ನನ್ನದೇ, ಆ ಜೌಗಿನ ಪೊದೆಗಳ ಹಿಂದೆ ನಾನು ಹುಡುಕಿರಲಿಲ್ಲ. ಅದರ ಪರಾಗ ಗಾಳಿಗೆ ಹಾರಿದ್ದರೆ ಊರಿನ ತೋಟಗಳೆಲ್ಲ ಬೀಜ ಕಟ್ಟುತ್ತಿದ್ದವು, ಬಿಯರ್ ಮಾಡುವವರು ನಮ್ಮ ಹೂವನ್ನು ಮೂಸಿಯೂ ನೋಡುತ್ತಿರಲಿಲ್ಲ.

"ನೋಡಿದ್ಯಾ? ಗಂಡಸಿಲ್ಲದ ಮನೆಗೆ ತೋಟ ಯಾಕಮ್ಮಾ ಬೇಕು?" ಎಂದರು. ನನಗೆ ರೇಗಿತು. "ಭಾವಾ, ಈ ತೋಟದಲ್ಲಿರೋದೆಲ್ಲ ಹೆಣ್ಣೇ. ಗಂಡು ಕಂಡ್ರೆ ಬೇರುಸಮೇತ ಕಿತ್ತು ಬಿಸಾಕ್ತೀವಿ" ಎಂದೆ. ಮಕ್ಕಳು ಕಿಸಕ್ಕನೆ ನಕ್ಕವು. ಭಾವ ಕುಡುಗೋಲಿನಿಂದ ಮೇಲಷ್ಟೇ ಸವರಿದರೆ ಸಾಕೆಂದರು. ಬೇರು ಉಳಿದರೆ ಮುಂದಿನ ವರ್ಷ ಮತ್ತೆ ಎದ್ದೇ ಏಳುತ್ತದೆ ಎಂದು ಅವರಿಗೆ ಗೊತ್ತಿಲ್ಲವೇ? ನಾನೇ ಮೊಣಕಾಲುದ್ದ ಕೆಸರಿಗಿಳಿದೆ. ಪರಾಗ ಉದುರದಂತೆ ಬಳ್ಳಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಳಿಸಿ, ತೋಳುಗಾತ್ರದ ಬೇರನ್ನು ತುಂಡು ಬಿಡದೆ ಅಗೆದು ತೆಗೆದೆ. ಬಳ್ಳಿಯ ಮುಳ್ಳುಗೂದಲು ಉಜ್ಜಿ ಕೈಯೆಲ್ಲ ಗೀರು. ನಿನ್ನ ಅಣ್ಣ ಭಾನುವಾರದ ಬೂಟು ಕೊಳೆಯಾದೀತೆಂದು ದಡದ ಮೇಲೆಯೇ ನಿಂತಿದ್ದರು.

ಮಕ್ಕಳು ಮುತ್ತು ಕಳಿಸಿದ್ದಾರೆ. ದೇವಮಾತೆ ನಿನ್ನ ಉಸಿರನ್ನು ಕಾಯಲಿ.

ನಿನ್ನ,
ವಾಲ್ಬುರ್ಗಾ

ಮತ್ತೊಂದು ಮಾತು: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನು ಕೆಸರಿನಿಂದ ಮೇಲೆ ಬಂದಾಗ ಭಾವ ಸಿಟ್ಟಿನಲ್ಲಿ ಜೇಬಿನಿಂದ ಕಾಗದ ತೆಗೆದು ನನ್ನ ಮುಖಕ್ಕೆ ಹಿಡಿದರು. "ಅವಳ ಕೈಲಿ ಆಗಲ್ಲ, ತೋಟ ನೀನೇ ತಗೋ ಅಣ್ಣಾ" ಎಂದು ಬರೆದವನು ನೀನು. ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ? ಅಳು ಬಂತು, ಅತ್ತುಬಿಟ್ಟೆ. ತೋಟ ಮಾತ್ರ ಕೊಡುವುದಿಲ್ಲ. ಇದನ್ನು ನಿನ್ನ ಅಣ್ಣನಿಗೆ ನೀನೇ ಬರೆದು ತಿಳಿಸು. ಕೊಯ್ಲಿನ ಹೊತ್ತಿಗೆ ಗುಣವಾಗಿ ಬಾ. ಹೂ ಬಿಡಿಸಲು ನಿನಗೂ ಒಂದು ಬುಟ್ಟಿ ಇಟ್ಟಿರುತ್ತೇನೆ. ಯಾವ ಸಾಲಿನಲ್ಲಿ ಕೂರಬೇಕೆಂದು ನಾನು ಹೇಳುತ್ತೇನೆ.