ಅಕೇವಾಯಿಯ ಕೌದಿ

ಓನೆರೋವಾ, ಮಂಗಾಯಾ ದ್ವೀಪ
ಜುಲೈ ೯, ಬುಧವಾರ

ಪ್ರೀತಿಯ ಅಕೇವಾಯಿಗೆ,

‘ಪ್ರೀತಿಯ’ ಎಂಬುದು ಕೈಯ ಅಭ್ಯಾಸದಿಂದ ಬಂದದ್ದು, ಅದಕ್ಕೆ ಅರ್ಥ ಹಚ್ಚಬೇಡ. ನಿನ್ನೊಡನೆ ಮಾತು ಬಿಟ್ಟಿದ್ದೇನೆ. ಬಿಟ್ಟ ವಿಷಯವನ್ನು ನಿನಗೆ ತಿಳಿಸದಿದ್ದರೆ ಬಿಟ್ಟು ಫಲವಿಲ್ಲವಾದ್ದರಿಂದ ಈ ಕಾಗದ.

ನಿನ್ನೆ ಹಡಗು ಬಂತು, ದಕ್ಕೆಯ ಚಪ್ಪರದಲ್ಲಿ ನಮ್ಮ ಹೆಂಗಸರ ಸಂತೆ ನೆರೆಯಿತು. ತನ್ನ ಕೈಕೆಲಸವನ್ನು ತಾನೇ ಹೊಗಳಿ ಮಾರುವುದು ನಾಚಿಕೆಗೇಡು, ಒಬ್ಬಳ ಮಾಲನ್ನು ಇನ್ನೊಬ್ಬಳೇ ಮಾರಬೇಕು ಎಂಬ ನಮ್ಮ ಘನವಾದ ನಿಯಮ ನಿನಗೆ ಗೊತ್ತೇ ಇದೆ. ನನಗೆ ಹಲ್ಲುನೋವು, ಬರುವುದಿಲ್ಲ ಎಂದು ನೀನು ನಂಬಿದ್ದೆ. ಹಲ್ಲು ಸೋಮವಾರವೇ ಬಿದ್ದುಹೋಯಿತು. ನನ್ನನ್ನು ನೀನು ಕಳಿಸಿದ ಗಂಟಿನ ಮುಂದೆಯೇ ಕೂರಿಸಿದರು.

ಗಂಟು ಬಿಚ್ಚಿದೆ. ಬಿಳಿ ಬಟ್ಟೆಯ ಮೇಲೆ ಬಟ್ಟೆಯಲ್ಲೇ ಕತ್ತರಿಸಿ ಹೊಲಿದ ಹಸಿರು ದೀವಿಹಲಸಿನೆಲೆ, ಕೆಂಪು ದಾಸವಾಳ. ನೀನು ಮಣ್ಣಿಗೆ ಹೋಗುವ ದಿನ ನಿನ್ನನ್ನು ಸುತ್ತಬೇಕೆಂದು ಎರಡು ವರ್ಷ ಕಣ್ಣು ಸವೆಸಿ ನಾನು ಹೊಲಿದುಕೊಟ್ಟ ತಿವೈವೈ ಕೌದಿ. ಮೊನ್ನೆ ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಕೇಳಿದ್ದಕ್ಕೆ ಏನಂದೆ? “ಪೆಟ್ಟಿಗೇಲಿ ಭದ್ರವಾಗಿದೆ ಕಣೆ, ನೆನ್ನೆ ತಾನೆ ಬಿಸಿಲಿಗೆ ಹಾಕಿದ್ದೆ” ಅಂದೆ. ಕೈಯಲ್ಲಿ ಕೀರ್ತನೆಯ ಪುಸ್ತಕ ಬೇರೆ ಇತ್ತು.

ನಾನು ಕೌದಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದುದನ್ನು ಕಂಡು ಪೋಕೋ ಎದುರು ಮಳಿಗೆಯಿಂದ ಕೂಗಿದಳು: “ಅವಳಿಗೆ ಫ್ರೀಜರ್ ಬೇಕಂತೆ ಕಣೇ. ಮಣ್ಣಿಗೆ ಹೋಗೋ ಕೌದಿ ಪೆಟ್ಟಿಗೇಲಿ ಕೊಳೀತಿದೆ, ತಿನ್ನೋ ಮೀನು ಹೊರಗೆ ಕೊಳೀತಿದೆ ಅಂದ್ಲು. ನಿಂಗೆ ಹೇಳ್ಬೇಡ ಅಂತಾನೂ ಅಂದ್ಲು.” ಗುಟ್ಟು ಕಾಯಲು ನಿನಗೆ ಇಡೀ ದ್ವೀಪದಲ್ಲಿ ಪೋಕೋ ಒಬ್ಬಳೇ ಸಿಕ್ಕಳೇ?

ಗಂಟು ಕಟ್ಟಿ ಮನೆಗೆ ಒಯ್ಯಬೇಕೆಂದಿದ್ದೆ. ಅಷ್ಟರಲ್ಲಿ ಹಡಗಿನಿಂದ ಇಳಿದ ಪ್ರವಾಸಿ ಗಂಡಹೆಂಡತಿ ಬಂದರು. ಆತ ಮುನ್ನೂರು ಡಾಲರ್ ಎಂದ. ಮೇಜಿಗೆ ಹಾಸಲು ಚೆನ್ನಾಗಿರುತ್ತದೆಯಂತೆ. ನನ್ನ ಕೆಲಸಕ್ಕೆ ಮುನ್ನೂರೇ? ಆಗ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. ಇಂಥ ಎಲೆ ಕತ್ತರಿಸುವ ಕೈ ಈ ದ್ವೀಪದಲ್ಲಿ ಇನ್ನೊಂದಿಲ್ಲ ಎಂದೆ. ಹೊಲಿದವಳ ತಾಳ್ಮೆಯನ್ನೂ ಶೀಲವನ್ನೂ ರೂಪವನ್ನೂ ಹೊಗಳಿದೆ. ಪೋಕೋ ಬೀಸಣಿಗೆಯ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದಳು. ನಾನು ಸುಮ್ಮನಾಗುವ ಹೊತ್ತಿಗೆ ಆತ ಸಾವಿರದ ಐನೂರು ಎಣಿಸುತ್ತಿದ್ದ. ನಿನ್ನ ಮೇಲಿನ ಸಿಟ್ಟಿನಲ್ಲಿ ನಿನ್ನ ಕೌದಿಯನ್ನು ನಾನೇ ಮಾರಿಬಿಟ್ಟಿದ್ದೆ.

ಅವನ ಹೆಂಡತಿಯದೊಂದೇ ತಕರಾರು. ಮೂಲೆಯ ಒಂದು ಎಲೆ ಓರೆಯಾಗಿದೆ, ಅದನ್ನು ತೆಗೆದುಕೊಡಿ ಎಂದಳು. ಪಡೆಯುವವಳು ತನ್ನ ಕೌದಿಗೆ ತಾನೇ ಸೂಜಿ ಹಾಕಬಾರದು ಎಂದು ಎಷ್ಟು ಬೈದರೂ ಕೇಳದೆ, ನಾನು ಚಹಾಕ್ಕೆ ಎದ್ದಾಗ ಕದ್ದು ನೀನು ಹೊಲಿದ ಎಲೆ ಅದು. ಬಿಚ್ಚಿ ಕೊಟ್ಟೆ. ಬಿಚ್ಚುವಾಗ ಕಣ್ಣು ಮಂಜಾಯಿತು. ವಯಸ್ಸಾಯಿತಲ್ಲ, ಅದಕ್ಕೇ.

ದುಡ್ಡು ಪೋಕೋ ಹತ್ತಿರ ಇದೆ, ಇಸಿದುಕೋ. ಫ್ರೀಜರ್ ಕೊಂಡು ಮೀನು ಇಟ್ಟುಕೋ. ಮಂಗಳವಾರದ ಹೊಲಿಗೆಗೆ ನೀನು ಬರಬೇಕಾಗಿಲ್ಲ. ಬಂದರೂ ನಾನು ಮಾತಾಡುವುದಿಲ್ಲ.

ಒಂದು ಕಾಲದಲ್ಲಿ ನಿನ್ನವಳಾಗಿದ್ದ,
ತೆರೆಯಾಪೀ

ಮರೆತಿದ್ದೆ: ಆ ಓರೆ ಎಲೆ ನನ್ನ ಹತ್ತಿರವೇ ಇದೆ. ನಿನ್ನೆ ರಾತ್ರಿ ಹೊಸ ಬಿಳಿ ಬಟ್ಟೆ ಹರಡಿ ಅದನ್ನೇ ನಡುವೆ ಇಟ್ಟೆ, ಓರೆಯಾಗಿಯೇ. ಈ ಸಲದ ಕೌದಿ ನನ್ನ ಪೆಟ್ಟಿಗೆಯಲ್ಲೇ ಇರುತ್ತದೆ, ಬೀಗದ ಕೈ ನನ್ನ ಸೊಂಟದಲ್ಲಿ. ನಿನಗೆ ಬೇಕಾದ ದಿನ ನಾನೇ ತಂದು ಸುತ್ತುತ್ತೇನೆ. ಮುಗಿಯಲು ಎರಡು ವರ್ಷ ಹಿಡಿಯುತ್ತದೆ. ಅದಕ್ಕೆ ಮುಂಚೆ ಸತ್ತು ನನಗೆ ಇನ್ನೊಮ್ಮೆ ಮೋಸ ಮಾಡಬೇಡ.