ಎರಡು ಮೀಟರ್ ದೂರದಲ್ಲಿ

ವಾರ್ನಂಬೂಲ್,
ಜೂನ್ 14

ಪ್ರೀತಿಯ ವಿಲ್ಮಾ ಅಕ್ಕ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಸುಮ್ಮನಿದ್ದೆ. ಅಲ್ಲಿ ಇನ್ವರ್‌ಕಾರ್ಗಿಲ್‌ನ ಚಳಿಯಲ್ಲಿ ಕೂತು ನನ್ನನ್ನು ಬೈದುಕೊಂಡಿರುತ್ತೀಯ. ಏನು ಮಾಡಲಿ, ಮನೆಯಲ್ಲಿ ರೋಗಿಯೊಬ್ಬಳಿದ್ದಾಳೆ. ನನ್ನ ಯಜಮಾನ ಕೀತ್‌ನ ಬೆಕ್ಕು, ಡಚೆಸ್.

ಹದಿನಾಲ್ಕು ವರ್ಷದ ಮುದುಕಿ. ಎಷ್ಟು ತಿಂದರೂ ಮೈ ಇಳಿಯುತ್ತಲೇ ಹೋಯಿತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ಮೆಲ್ಬರ್ನ್‌ಗೆ ಕರೆದೊಯ್ದು ವಿಕಿರಣವಿರುವ ಅಯೋಡಿನ್ ಚುಚ್ಚಿಸಿದೆವು. ಒಂದೇ ಚುಚ್ಚುಮದ್ದು. ಆದರೆ ವಿಕಿರಣ ಇಳಿಯಲಿ ಎಂದು ಒಂದು ವಾರ ಅಲ್ಲೇ ಇಟ್ಟುಕೊಂಡರು. ಮನೆಗೆ ಬಂದ ಮೇಲೂ ಎರಡು ವಾರ ತೊಡೆಯ ಮೇಲೆ ಕೂರಿಸುವಂತಿಲ್ಲ, ಹಾಸಿಗೆಗೆ ಬಿಡುವಂತಿಲ್ಲ, ಎರಡು ಮೀಟರ್ ದೂರದಲ್ಲೇ ಇರಬೇಕಂತೆ.

ಆ ವಾರ ಕೀತ್ ದಿನಕ್ಕೆ ಎರಡು ಸಲ ಆಸ್ಪತ್ರೆಗೆ ಫೋನ್ ಮಾಡಿದ. "ನಿಮ್ಮನ್ನ ಮರೆತು ಚೆನ್ನಾಗಿ ತಿಂತಿದಾಳೆ ಸಾರ್" ಎಂದು ನರ್ಸ್ ನಕ್ಕಳಂತೆ. ಆ ದಿನ ಇವನಿಗೆ ಊಟ ಸೇರಲಿಲ್ಲ.

ಈಗ ಅವಳು ಹಿಂದಿನ ಕೋಣೆಯಲ್ಲಿದ್ದಾಳೆ. ಕೀತ್ ಎರಡು ಮೀಟರ್ ಅಳೆದು ನೆಲಕ್ಕೆ ಟೇಪ್ ಅಂಟಿಸಿದ್ದಾನೆ. ಅದರಾಚೆ ಕೂತು ಅವಳಿಗೆ ಫುಟ್‌ಬಾಲ್ ಸುದ್ದಿ ಓದಿ ಹೇಳುತ್ತಾನೆ. "ಇನ್ನೊಂಬತ್ತೇ ದಿನ, ತಡ್ಕೋ ನನ್ನ ರಾಣಿ."

"ಟೀ ಆರ್ತಿದೆ" ಅಂದೆ.

"ಅಲ್ಲೇ ಇಡು. ಒಬ್ಬಳೇ ಇದ್ದು ಅವಳಿಗೆ ಬೇಜಾರಾಗಿದೆ."

"ನಂಗೆ ಬೇಜಾರಾದ್ರೆ ಎಲ್ಲಿ ಕೂರ್ಲಿ? ಟೇಪಿನ ಈಚೆನೋ, ಆಚೆನೋ?"

"ಬೆಕ್ಕಿನ ಜೊತೆ ಪೈಪೋಟಿನಾ, ನೊರೀನ್?"

ಹೌದು ಅಕ್ಕ, ಪೈಪೋಟಿಯೇ. ಅರವತ್ತೇಳು ದಾಟಿದ ಹೆಂಗಸು ಇದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ನಿನ್ನೆ ಕೋಳಿ ಬೇಯಿಸಿ, ಮೂಳೆ ಬಿಡಿಸಿ, ಎದೆಯ ಮಾಂಸವನ್ನು ಅವಳ ಬಟ್ಟಲಿಗೆ ಹಾಕಿದ. ರೆಕ್ಕೆಗಳು ನನ್ನ ತಟ್ಟೆಗೆ ಬಂದವು. ಇವತ್ತು ಬೆಳಿಗ್ಗೆ ಅವಳು ಕೂಗಿದಳು. ನಾನು ರೇಡಿಯೊ ಜೋರು ಮಾಡಿದೆ.

ನಿನ್ನ ಮಂಡಿ ನೋವು ಬೇಗ ಕಡಿಮೆಯಾಗಲಿ. ನಿನ್ನ ಮಗಳು ಟೆಸ್ಸಾಳ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ಇಬ್ಬರೂ ಚೆನ್ನಾಗಿರಲಿ.

ನಿನ್ನ ತಂಗಿ,
ನೊರೀನ್

ತಾ.ಕ.: ನಾಲ್ಕು ವರ್ಷದ ಹಿಂದೆ ನನ್ನ ಥೈರಾಯ್ಡ್ ಗಡ್ಡೆ ತೆಗೆದ ಮೇಲೆ ನನಗೂ ಇದೇ ಅಯೋಡಿನ್ ಕೊಟ್ಟಿದ್ದರಲ್ಲ. ಮನೆಗೆ ಬಂದು ಒಂದು ವಾರ ಇದೇ ಕೋಣೆಯಲ್ಲಿದ್ದೆ. ಕೀತ್ ದಿನವೂ ಬಾಗಿಲಾಚೆ ನಿಂತು ಮಾತಾಡಿಸುತ್ತಾನೆ ಎಂದು ಆಗ ನಿನಗೆ ಬರೆದಿದ್ದೆ. ಅದು ಸುಳ್ಳು, ಅಕ್ಕ. ಡಚೆಸ್‌ಗೆ ನನ್ನಿಂದ ವಿಕಿರಣ ತಾಗಬಾರದೆಂದು ಅವಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ತನ್ನ ತಮ್ಮನ ಮನೆಗೆ ಹೋದವನು ಎಂಟನೆಯ ದಿನ ಬಂದ.